ಗುರುವಿನ ಕಾರಿಗೆ ಕಿವಿ ಇಡದ ಮೇಸ್ತ್ರಿ

ನಮ್ಮ ಭಾವನ ಮೇಲೆ ನನಗೆ ಬಂದಷ್ಟು ಸಿಟ್ಟು ಅವರ ಶತ್ರುಗಳಿಗೂ ಬಂದಿರಲಿಕ್ಕಿಲ್ಲ. ಆ ಪುಣ್ಯಾತ್ಮನಿಗೆ ಶತ್ರುಗಳೇ ಇಲ್ಲ, ಅದೇ ಅವರ ರೋಗ.

ಭಾವ ಎಂದರೆ ನನ್ನ ಅಕ್ಕನ ಗಂಡ, ಕಾರು ರಿಪೇರಿಯ ಮೇಸ್ತ್ರಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಟೈಲರ್ ಅಂಗಡಿಗೂ ಐಸ್ ಗೋದಾಮಿಗೂ ನಡುವೆ ಅವರ ಗ್ಯಾರೇಜು. ಎರಡು ಕಾರು ನಿಂತರೆ ಮನುಷ್ಯರು ಹೊಟ್ಟೆ ಒಳಗೆಳೆದುಕೊಂಡು ಓಡಾಡಬೇಕು. ಜನ ಅವರನ್ನು ಕಿವಿ ಮೇಸ್ತ್ರಿ ಎನ್ನುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತರೆಂದರೆ ಎರಡೇ ನಿಮಿಷದಲ್ಲಿ ಒಳಗಿನ ಕಾಯಿಲೆ ಹೊರಗೆ. ಹಳೇ ಕಾರು ಕೊಳ್ಳುವವರು ಇವರನ್ನು ಕರೆದುಕೊಂಡು ಹೋಗದೆ ಮುಂಗಡ ಕೊಡುವುದಿಲ್ಲ. ಮಾರುವವನು ಎಷ್ಟೇ ಗಡಿಬಿಡಿ ಮಾಡಲಿ, ಅರ್ಧ ಗಂಟೆ ಓಡಿಸಿ ಎಂಜಿನ್ ಚೆನ್ನಾಗಿ ಕಾದ ಮೇಲೆಯೇ ಇವರು ಕಿವಿ ಇಡುವುದು. ತಣ್ಣಗಿದ್ದಾಗ ಎಲ್ಲ ಎಂಜಿನ್ನೂ ಸಾಧುವೇ ಎನ್ನುತ್ತಾರೆ.

ಇಂಥ ಮಹಾನುಭಾವರು ಸ್ವಂತ ಹೆಂಡತಿಗೆ ತಂದ ಕಾರಿಗೆ ಕಿವಿಯನ್ನೇ ಇಡಲಿಲ್ಲ.

ಅಕ್ಕ ನರ್ಸ್. ಹನ್ನೊಂದು ವರ್ಷ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ಬೇಸತ್ತವಳಿಗೆ ಹಗಲಿನ ಕೆಲಸವೊಂದು ಸಿಕ್ಕಿತ್ತು: ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವುದು. ಷರತ್ತು ಒಂದೇ, ಒಂದನೇ ತಾರೀಕಿಗೆ ಸ್ವಂತ ಕಾರು ಇರಬೇಕು. ಭಾವ ಸೀದಾ ದೊಡ್ಡ ಮೇಸ್ತ್ರಿಯ ಬಳಿ ಹೋದರು. ಇವರಿಗೆ ಕಸುಬು ಕಲಿಸಿದ ಗುರು ಅವರು. ಈಗ ರಿಪೇರಿ ಬಿಟ್ಟು ಹಳೇ ಕಾರುಗಳನ್ನು ಮಾರುತ್ತಾರೆ. ನಾನೂ ಜೊತೆಗಿದ್ದೆ. ದೊಡ್ಡ ಮೇಸ್ತ್ರಿ ಒಂದು ಕಾರು ತೋರಿಸಿ, ಕೀಲಿ ತಿರುಗಿಸಿ ಒಂದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದರು.

"ನಿನ್ನ ಹೆಂಡತಿ ನಂಗೆ ಸೊಸೆ ಇದ್ದ ಹಾಗಲ್ವೇನೋ? ಕಣ್ಮುಚ್ಕೊಂಡು ತಗೊಂಡು ಹೋಗು."

ನಾನು ಭಾವನ ತೋಳು ಜಗ್ಗಿದೆ. "ಭಾವ, ಓಡಿಸಿ ನೋಡಿ. ಕಿವಿ ಇಡಿ."

"ಅವರ ಮುಂದೇನಾ? ಬುದ್ಧಿ ಇದ್ಯಾ ನಿಂಗೆ? ಕಿವಿ ಇಡೋದನ್ನ ಕಲಿಸಿದ್ದೇ ಅವರು."

ಗುರುವಿನ ಗಾಡಿಗೆ ಶಿಷ್ಯ ಕಿವಿ ಇಟ್ಟರೆ ಗುರುವನ್ನು ಕಳ್ಳ ಎಂದ ಹಾಗಂತೆ. ಅವರ ಕಸುಬಿನಲ್ಲಿ ಅದೊಂದು ಮರ್ಯಾದೆಯಂತೆ. ಬೆಂಕಿ ಬಿತ್ತು ಆ ಮರ್ಯಾದೆಗೆ!

ಕಾರು ತಂದ ಮೂರನೇ ದಿನ ಅಕ್ಕ ದಾರಿ ರೂಢಿಯಾಗಲೆಂದು ದೂರದ ಬಡಾವಣೆಗೆ ಹೋಗಿ ಬಂದಳು. ಬರುವಾಗ ನೀರಿನ ಟ್ಯಾಂಕಿನ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಬುಡದಿಂದ ಟಕಟಕಟಕ ಸದ್ದು. ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತಿದ್ದಾರೇನೋ ಎನ್ನುವ ಹಾಗೆ. ಬೀದಿ ತಿರುವಿನಲ್ಲೇ ನನಗೆ ಕೇಳಿಸಿತು. ಇಡೀ ಪೇಟೆಗೆ ಕಿವಿಯಾದವರಿಗೆ ಮಾತ್ರ ಕೇಳಿಸಲಿಲ್ಲ.

"ಪೆಟ್ರೋಲ್ ಸರಿ ಇಲ್ಲ" ಎಂದರು. ಟ್ಯಾಂಕ್ ಖಾಲಿ ಮಾಡಿ ಬೇರೆ ಬಂಕಿನ ಪೆಟ್ರೋಲ್ ಹಾಕಿದರು. ಸದ್ದು ಹೋಗಲಿಲ್ಲ. "ಪ್ಲಗ್ಗು" ಎಂದರು, ನಾಲ್ಕನ್ನೂ ಬದಲಾಯಿಸಿದರು. ಹೋಗಲಿಲ್ಲ. ಎಂಜಿನ್ ಕೂರಿಸುವ ರಬ್ಬರ್ ಸವೆದಿರಬೇಕು ಎಂದು ಒಂದು ದಿನ ಕಳೆದರು. ಬೇರೆಯವರ ಕಾರಾಗಿದ್ದರೆ ಎರಡು ನಿಮಿಷದ ಮಾತು. ಗುರುವಿನ ತಪ್ಪಲ್ಲದ ಕಾಯಿಲೆ ಯಾವುದಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದಾರೆಂದು ನನಗೆ ಗೊತ್ತಾಯಿತು. ನನ್ನ ಮೈ ಉರಿದುಹೋಯಿತು.

ಕೊನೆಗೆ ಅಕ್ಕನೇ ಸ್ಕ್ರೂಡ್ರೈವರ್ ತಂದು ಅವರ ಕೈಗಿಟ್ಟಳು.

ಭಾವ ಕಾರನ್ನು ಅರ್ಧ ಗಂಟೆ ಓಡಿಸಿ ತಂದು ನಿಲ್ಲಿಸಿದರು. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದರು. ಮೂರನೆಯದನ್ನು ಕಿತ್ತಾಗ ಟಕಟಕ ಅರ್ಧಕ್ಕರ್ಧ ಅಡಗಿತು. ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿ ಕಿವಿ ಇಟ್ಟರು. ಬಹಳ ಹೊತ್ತು ಕಣ್ಣು ತೆರೆಯಲೇ ಇಲ್ಲ. ಆಮೇಲೆ ಕೆಳಗೆ ಮಲಗಿ ಆಯಿಲ್ ಇಳಿಸಿದರು. ಧಾರೆಯಾಗಿ ಬೀಳಬೇಕಾದ ಆಯಿಲ್ ಜೇನುತುಪ್ಪದ ಹಾಗೆ ಎಳೆ ಎಳೆಯಾಗಿ ಇಳಿಯಿತು, ಅದರ ತುಂಬ ಲೋಹದ ಮಿಣುಕು. ತಣ್ಣಗಿರುವಾಗ ಸದ್ದು ಕೇಳದಿರಲೆಂದು ಯಾರೋ ಬೇಕೆಂದೇ ಆಯಿಲನ್ನು ಗಟ್ಟಿ ಮಾಡುವ ಮದ್ದು ಸುರಿದಿದ್ದರು. ಯಾರೋ ಏನು, ದೊಡ್ಡ ಮೇಸ್ತ್ರಿಯೇ! ಎಂಜಿನ್ ಬಿಚ್ಚಿದಾಗ ಮೂರನೇ ಬೇರಿಂಗಿನ ಚಿಪ್ಪು ಸವೆದು ಒಳಗಿನ ತಾಮ್ರ ಕಾಣುತ್ತಿತ್ತು, ಟಕಟಕ ಬರುತ್ತಿದ್ದುದು ಅಲ್ಲಿಂದಲೇ.

ಕಾರು ಬಿಚ್ಚಿದ ಸ್ಥಿತಿಯಲ್ಲಿರುವಾಗಲೇ ಒಂದನೇ ತಾರೀಕು ಬಂತು. ಅಕ್ಕ ಫೋನ್ ಮಾಡಿ ಒಂದು ವಾರ ಕೇಳಿದಳು. ಕೆಲಸ ಕೊಡುವವರು ಕಾಯದೆ ಅದನ್ನು ಪಟ್ಟಿಯಲ್ಲಿ ಅವಳ ನಂತರ ಇದ್ದವರಿಗೆ ಕೊಟ್ಟರು. ಅಕ್ಕ ರಾತ್ರಿ ಪಾಳಿಯ ಸಮವಸ್ತ್ರಕ್ಕೆ ಮತ್ತೆ ಇಸ್ತ್ರಿ ಹಾಕಿದಳು.

"ಹೋಗಿ ಆ ಮುದುಕನ್ನ ಕೇಳಿ!" ಎಂದು ನಾನು ಕಿರುಚಿದೆ.

"ಕೇಳಿ ಏನ್ಮಾಡೋದು? ಕಿವಿ ಇಡದೇ ಇದ್ದಿದ್ದು ನಂದೇ ತಪ್ಪು."

"ನಿಮ್ಮ ತಪ್ಪು ಹೌದು. ಅವರದು ಏನು ಹಾಗಾದ್ರೆ, ಆಶೀರ್ವಾದಾನಾ?"

ಭಾವ ಕೈ ಒರೆಸಿಕೊಳ್ಳುತ್ತ ಕೂತರು. ಇಂಥ ಒಳ್ಳೆಯವರನ್ನು ಕಂಡರೆ ನನಗೆ ಕೆಟ್ಟವರಿಗಿಂತ ಹೆಚ್ಚು ಸಿಟ್ಟು ಬರುತ್ತದೆ. ಕೆಟ್ಟವರು ಬದುಕುವುದೇ ಇವರ ನೆರಳಿನಲ್ಲಿ.

ಮರುವಾರ ಶಾಲೆಯ ಡ್ರಾಯಿಂಗ್ ಟೀಚರ್ ಒಬ್ಬಳು ಗ್ಯಾರೇಜಿಗೆ ಬಂದಳು. ಊಟದ ಡಬ್ಬಿ ಕೊಡಲು ಬಂದ ಅಕ್ಕನೂ ನಾನೂ ಅಲ್ಲೇ ಇದ್ದೆವು.

"ಮೇಸ್ತ್ರಿಗಳೇ, ದೊಡ್ಡ ಮೇಸ್ತ್ರಿ ಹತ್ರ ಒಂದು ಕಾರು ನೋಡಿದೀನಿ. ನಿಮ್ಮನ್ನ ಕರ್ಕೊಂಡು ಬರ್ತೀನಿ ಅಂದ್ರೆ ಅವರು ನಕ್ಕುಬಿಟ್ರು. 'ಕಿವಿ ಮೇಸ್ತ್ರಿನೇ ತನ್ನ ಹೆಂಡ್ತಿಗೆ ನನ್ನ ಹತ್ರ ಕಾರು ತಗೊಂಡ, ಕಿವಿನೂ ಇಡಲಿಲ್ಲ, ಹೋಗಿ ಕೇಳಮ್ಮ' ಅಂದ್ರು. ಹೌದಾ?"

ಮೋಸ ಮಾಡಿದ್ದಷ್ಟೇ ಅಲ್ಲ, ಮೋಸ ಹೋದವನ ಹೆಸರನ್ನೇ ಅಂಗಡಿಯ ಬೋರ್ಡು ಮಾಡಿಕೊಂಡಿದ್ದ ಆಸಾಮಿ! ಅಕ್ಕ ಭಾವನ ಮುಖವನ್ನೇ ನೋಡುತ್ತ ನಿಂತಳು.

"ಹೌದು, ಕಿವಿ ಇಡಲಿಲ್ಲ" ಎಂದರು ಭಾವ. "ಇವಳ ಕೆಲಸ ಹೋಯ್ತು. ನಡೀರಿ, ನಾನೂ ಬರ್ತೀನಿ."

ನಾವೆಲ್ಲರೂ ಹೋದೆವು. ಅಂಗಳದಲ್ಲಿ ದೊಡ್ಡ ಮೇಸ್ತ್ರಿ ಟೀಚರ್ ನೋಡಿಹೋಗಿದ್ದ ನೀಲಿ ಕಾರಿಗೆ ಒರಗಿ, ಬೆರಳಲ್ಲಿ ಕೀಲಿ ತಿರುಗಿಸುತ್ತಿದ್ದರು. ಶಿಷ್ಯನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿ ನಕ್ಕರು.

"ಏನೋ, ನನ್ನ ಗಾಡಿಗೇ ಕಿವಿ ಇಡ್ತೀಯಾ? ನನ್ನ ಎದುರಿಗೇ?"

ಭಾವ ತಲೆ ತಗ್ಗಿಸಲಿಲ್ಲ.

"ಇಡ್ತೀನಿ ಗುರುಗಳೇ. ಮೊದಲು ಅರ್ಧ ಗಂಟೆ ಓಡಿಸ್ಕೊಂಡು ಬರ್ತೀನಿ. ಕೀಲಿ ಕೊಡಿ."

ಕೈ ಚಾಚಿದರು. ದೊಡ್ಡ ಮೇಸ್ತ್ರಿಯ ನಗು ನಿಂತಿತು. ಅವರು ಟೀಚರನ್ನು ನೋಡಿದರು, ಅಕ್ಕನನ್ನು ನೋಡಿದರು, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋಗಿ ಬಾಗಿಲು ಮುಚ್ಚಿದರು.