ಶಕ್ತಿನಗರದ ಗೇಟ್‌ವೇ

ನಮ್ಮ ಮಂಗಳೂರಿನಲ್ಲಿ ಬಸ್ ಸ್ಟಾಪಿಗೆ ಹೆಸರಿಡುವವರು ಕಂಡಕ್ಟರುಗಳು. ಬೋರ್ಡಿನಲ್ಲಿ ಏನು ಬೇಕಾದರೂ ಬರೆದಿರಲಿ, ಬಾಗಿಲಲ್ಲಿ ನೇತಾಡುವ ಆ ಹುಡುಗ ಏನೆಂದು ಕೂಗುತ್ತಾನೋ ಅದೇ ಹೆಸರು ಕಾಯಂ. ನಮ್ಮ ಪಕ್ಕದ ಸ್ಟಾಪಿನಲ್ಲಿ ಒಂದು ಮಾವಿನ ಮರ ಇತ್ತು. ಮರ ಹೋಗಿ ಅಲ್ಲಿ ಮೆಡಿಕಲ್ ಶಾಪ್ ಬಂದು ಎಷ್ಟೋ ಕಾಲವಾಯಿತು. ಈಗಲೂ ಅವನು ಮಾವಿನಮರ ಎಂದೇ ಕೂಗುವುದು, ಜನ ಇಳಿಯುವುದೂ ಮಾವಿನಮರದಲ್ಲೇ. ಹಾಗಾಗಿ ಶಕ್ತಿನಗರದ ಏರುರಸ್ತೆಯ ನಮ್ಮ ಸ್ಟಾಪಿನಲ್ಲಿ ನನ್ನ ಮೊಮ್ಮಗಳು ಗೇಟ್‌ವೇ ಆಫ್ ಇಂಡಿಯಾ ಕಟ್ಟಿಸಿದ ಮೇಲೆ, ಕಂಡಕ್ಟರ್ ಅದನ್ನು ಏನೆಂದು ಕೂಗುತ್ತಾನೆ ಎಂಬುದೇ ನನಗೊಂದು ಚಿಂತೆಯಾಗಿತ್ತು.

ಗೇಟ್‌ವೇ ಎಂದರೆ ಬೊಂಬಾಯಿಯದ್ದೇ, ಅದರ ಮರಿ. ನಮ್ಮ ಯುವಕ ಮಂಡಲದವರು ಬೆಳ್ಳಿಹಬ್ಬಕ್ಕೆ ಊರಿಗೊಂದು ಬಸ್ ಸ್ಟ್ಯಾಂಡ್ ಕೊಡುವುದೆಂದು ಮಾತಾಡಿದ್ದರು. ಇಲ್ಲಿ ಅದು ವಾಡಿಕೆ. ತಗಡಿನ ಮಾಡು, ನಾಲ್ಕು ಕಂಬ, ಮೇಲೆ ‘ಕೊಡುಗೆ’ ಎಂದು ದೊಡ್ಡ ಅಕ್ಷರ, ಅಷ್ಟಾದರೆ ಆಯಿತು. ಆದರೆ ಈ ಸಲ ಮಂಡಲದ ಅಧ್ಯಕ್ಷೆ ನನ್ನ ಮೊಮ್ಮಗಳು. ಯುವಕ ಮಂಡಲಕ್ಕೆ ಹುಡುಗಿಯೊಬ್ಬಳು ಅಧ್ಯಕ್ಷೆಯಾದದ್ದು ಇದೇ ಮೊದಲು. ಇದನ್ನು ಬರೆಯುವಾಗಲೂ ನನ್ನ ಮುಖದಲ್ಲಿ ನಗು ನಿಲ್ಲುವುದಿಲ್ಲ, ಓದುವವರು ಸಹಿಸಿಕೊಳ್ಳಬೇಕು.

ಅವಳಿಗೆ ಈ ಯೋಚನೆ ಬಂದದ್ದು ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಒಂದು ಫೋಟೋದಿಂದ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಬೊಂಬಾಯಿಯ ಹೋಟೆಲಿಗೆ ಹೋದವನು. ಮೊದಲು ಕಪ್ ತೊಳೆದೆ, ಆಮೇಲೆ ಟೇಬಲ್ ಒರೆಸಿದೆ, ಕೊನೆಗೆ ದೋಸೆ ಕಾವಲಿಯ ಎದುರು ನಿಂತೆ. ಫೋಟೋದಲ್ಲಿ ನಾನು ಯಾರದೋ ಬೆಲ್‌ಬಾಟಮ್ ಪ್ಯಾಂಟು ಹಾಕಿಕೊಂಡು ಗೇಟ್‌ವೇ ಎದುರು ನಿಂತಿದ್ದೇನೆ, ಅದನ್ನು ನಾನೇ ಕಟ್ಟಿಸಿದ ಹಾಗೆ. ಆ ಫೋಟೋವನ್ನು ಮೀಟಿಂಗಿಗೆ ತೆಗೆದುಕೊಂಡು ಹೋಗಿ ಅವಳು ಹೇಳಿದಳಂತೆ, ಇಲ್ಲಿನ ಅರ್ಧ ಮನೆಗಳ ಅಜ್ಜಂದಿರು ಬೊಂಬಾಯಿಯಲ್ಲಿ ದುಡಿದವರು, ಅವರ ನೆನಪಿಗೆ ಇದೇ ಆಗಲಿ, ಮಳೆಬಿಸಿಲಿಗೆ ಜನ ಒಳಗೆ ಕೂತುಕೊಳ್ಳಲಿ ಎಂದು. ಹಳೇ ಮೆಂಬರುಗಳು ತಗಡೇ ಸಾಕೆಂದು ಹಟ ಹಿಡಿದರು. ಮತ ಹಾಕಿದಾಗ ಇವಳೇ ಗೆದ್ದಳು.

ಕಟ್ಟಿದ ಮೇಸ್ತ್ರಿ ಒಳ್ಳೆಯ ಕೆಲಸಗಾರರು. ಆದರೆ ಅವರ ಕೈ ದೇವಸ್ಥಾನದ ಕೈ. ಜೀವಮಾನವಿಡೀ ದೇವಸ್ಥಾನದ ದ್ವಾರ, ದೈವಸ್ಥಾನದ ಗುಡಿ ಕಟ್ಟಿದವರು. ಕಮಾನು, ಗುಮ್ಮಟ ಎಲ್ಲ ಫೋಟೋದಲ್ಲಿದ್ದ ಹಾಗೇ ಬಂತು. ಅದರ ಜತೆಗೆ ಅಭ್ಯಾಸಬಲದಿಂದ ಎದುರಿಗೆ ಎರಡು ಮೆಟ್ಟಿಲು, ಕೆಂಪು ಸಿಮೆಂಟಿನ ನೆಲ, ಕಮಾನಿನ ಎಡಕ್ಕೊಂದು ಬಲಕ್ಕೊಂದು ದೀಪದ ಗೂಡು ಕೂಡ ಬಂತು. ನೋಡಲು ಚೆಂದವೇ ಇತ್ತು, ಯಾರೂ ಬೇಡ ಎನ್ನಲಿಲ್ಲ. ಉದ್ಘಾಟನೆಯ ದಿನ ಭಟ್ಟರು ಬಂದು ಮಾವಿನೆಲೆಯ ತೋರಣ ಕಟ್ಟಿಸಿ, ಕಂಬಗಳಿಗೆ ಅರಸಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದರು. ಮೊಮ್ಮಗಳು ರಿಬ್ಬನ್ ಕತ್ತರಿಸಿದಳು. ನಾನು ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಉರಿಸಿಕೊಂಡೆ.

ಮರುದಿನ ಬೆಳಿಗ್ಗೆ ನೋಡಿದರೆ ಮೆಟ್ಟಿಲಿನ ಕೆಳಗೆ ಚಪ್ಪಲಿಗಳ ಸಾಲು. ಜನ ಒಬ್ಬೊಬ್ಬರೇ ಒಳಗೆ ಹೋಗಿ, ಕೈ ಮುಗಿದು, ಒಂದು ಸುತ್ತು ನೋಡಿ ಹೊರಗೆ ಬಂದು ಬಿಸಿಲಿನಲ್ಲಿ ನಿಂತು ಬಸ್ಸಿಗೆ ಕಾಯುತ್ತಿದ್ದರು. ಬೆಂಚು ಖಾಲಿ. ಎಡಗೂಡಿನಲ್ಲಿ ದಾಸವಾಳ ಇಟ್ಟವಳು ಬೇರೆ ಯಾರೂ ಅಲ್ಲ, ನನ್ನ ಹೆಂಡತಿ. ಬಲಗೂಡು ಖಾಲಿ ಕಾಣುತ್ತದೆಂದು ಪಕ್ಕದ ಮನೆಯ ರಿಟೈರ್ಡ್ ಟೀಚರ್ ಬಾಯಿಯವರು, ಅವರು ಕ್ರಿಶ್ಚಿಯನ್ನರು, ಇಗರ್ಜಿಯಿಂದ ಬರುವಾಗ ಒಂದು ಮೊಂಬತ್ತಿ ಹಚ್ಚಿ ಹೋಗಿದ್ದರು. ಕೂಳೂರಿನಿಂದ ಮೀನು ತರುವ ಹೆಂಗಸು ಮೊದಲೆಲ್ಲ ಇದೇ ಜಾಗದಲ್ಲಿ ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಳು. ಅವಳು ಈಗ ಬುಟ್ಟಿ ಹೊತ್ತುಕೊಂಡೇ ಆಚೆ ಬದಿಯ ಲೈಟುಕಂಬದ ನೆರಳಿಗೆ ಹೋಗಿ ನಿಂತಳು. ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ಒಂದು ಕ್ಷಣ ನೋಡಿ, “ಗುಡಿ, ಗುಡಿ” ಎಂದು ಕೂಗಿದ.

ಮೊಮ್ಮಗಳ ಮುಖ ಇಳಿದುಹೋಯಿತು. ಹಳೇ ಮೆಂಬರುಗಳಿಗೆ ಇಷ್ಟೇ ಸಾಕಾಗಿತ್ತು. ಹೇಗೂ ಗುಡಿಯ ಹಾಗೆ ಆಗಿದೆ, ಬಾಗಿಲಿಗೆ ಗ್ರಿಲ್ ಹಾಕಿ ಒಳಗೊಂದು ದೇವರ ಫೋಟೋ ಇಡುವ, ಬಸ್ಸಿಗೆ ಕಾಯುವವರಿಗೆ ಪಕ್ಕದಲ್ಲಿ ತಗಡಿನದ್ದೇ ಒಂದು ಮಾಡುವ ಎಂದು ಭಾನುವಾರದ ಮೀಟಿಂಗಿನಲ್ಲಿ ಹೇಳುವವರಿದ್ದರು. ಸಂಜೆ ಅವಳು ನನ್ನ ಪಕ್ಕ ಬಂದು ಕೂತಳು. ನಮ್ಮ ಮನೆಮಾತು ತುಳು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಗ್ರಿಲ್ ಹಾಕಿದರೆ ನಾನು ಅಧ್ಯಕ್ಷೆ ಆಗಿ ಇರುವುದಿಲ್ಲ ಅಜ್ಜ. ಕೂತುಕೊಳ್ಳಲಿಕ್ಕೆ ಅಂತ ಕಟ್ಟಿಸಿದ್ದು. ಎಲ್ಲರೂ ಕೈ ಮುಗೀತಾರೆ, ಒಬ್ಬರೂ ಕೂತುಕೊಳ್ಳುವುದಿಲ್ಲ.”

ಎಲ್ಲರಿಗಿಂತ ಮುಂದೆ ನಿಂತು ಕೈ ಮುಗಿದ ನನ್ನ ಹೆಂಡತಿ ಅಡುಗೆಮನೆಯಲ್ಲೇ ಇದ್ದಳಲ್ಲ. ನಾನು ಹೋಗಿ ಕೇಳಿದೆ. ಅವಳಿಗೆ ಒಂದಿಷ್ಟೂ ಅಳುಕಿಲ್ಲ. ಮೊಮ್ಮಗಳು ಇಷ್ಟು ಚೆಂದದ್ದು ಕಟ್ಟಿಸಿದ್ದಾಳೆ, ಒಂದು ಹೂವಾದರೂ ಬೇಡವಾ ಎಂದಳು. ಅವಳ ಸಂತೋಷ ಹೂವಾಗಿ ಹೊರಗೆ ಬಂದಿತ್ತು, ನನ್ನದು ಚಪ್ಪಾಳೆಯಾಗಿ. ಹಾಗಾಗಿ ಬೈಯಲಿಕ್ಕೂ ಬಾಯಿ ಬರಲಿಲ್ಲ. ಆದರೂ ಹೇಳಿದೆ, “ಭಟ್ಟರು ಆಯುಧಪೂಜೆಗೆ ಬಸ್ಸಿಗೂ ಪೂಜೆ ಮಾಡ್ತಾರೆ. ನೀನು ಚಪ್ಪಲಿ ಬಿಟ್ಟು ಬಸ್ ಹತ್ತುತ್ತೀಯಾ?”

“ಬಸ್ಸಿಗೆ ದೀಪದ ಗೂಡು ಉಂಟಾ?” ಎಂದಳು.



ಶನಿವಾರ ಮಧ್ಯಾಹ್ನ ಊಟ ಮುಗಿಸಿ ನಾನು ಅಂಗಡಿಯಿಂದ ಒಂದು ಪೊಟ್ಟಣ ನೆಲಗಡಲೆ ತೆಗೆದುಕೊಂಡು, ರಬ್ಬರ್ ಚಪ್ಪಲಿ ಹಾಕಿಕೊಂಡೇ ಮೆಟ್ಟಿಲು ಹತ್ತಿದೆ. ಬೊಂಬಾಯಿಯಲ್ಲಿ ರಜೆಯ ದಿನ ನಮಗೆ ಇದ್ದದ್ದೇ ಆ ಕೆಲಸ. ಗೇಟ್‌ವೇ ಹತ್ತಿರ ಹೋಗುವುದು, ಕಡಲೆ ತಿನ್ನುವುದು, ಹಡಗು ನೋಡುವುದು, ನಿದ್ದೆ ಬಂದರೆ ಯಾರೂ ಕದಿಯದ ಹಾಗೆ ಚಪ್ಪಲಿಯನ್ನು ತಲೆಯಡಿಗೆ ಇಟ್ಟುಕೊಂಡು ಮಲಗುವುದು. ನಾನು ಬೆಂಚಿನ ಮೇಲೆ ಕಾಲು ಚಾಚಿ ಕೂತು ಕಡಲೆ ಸುಲಿಯತೊಡಗಿದೆ. ಬಿಸಿಲಿನಲ್ಲಿ ನಿಂತವರು ನನ್ನನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಒಳಗೆ ಬರಲಿಲ್ಲ. ಯಾರೋ ಮನೆಗೆ ಸುದ್ದಿ ಮುಟ್ಟಿಸಿದರು. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದು ಮೆಟ್ಟಿಲಿನ ಕೆಳಗೆ ನಿಂತಳು.

“ಎಂತ ಇದು? ದೇವರ ಹೆದರಿಕೆಯಾದರೂ ಬೇಡವಾ ನಿಮಗೆ?”

“ಯಾವ ದೇವರು ಅಂತ ಹೇಳು, ಹೆದರ್ತೇನೆ.”

ಅವಳು ಒಳಗೆ ಕಣ್ಣು ಹಾಯಿಸಿದಳು. ನಾನು, ಕಡಲೆ ಸಿಪ್ಪೆ, ಅವಳೇ ಇಟ್ಟ ಬಾಡಿದ ದಾಸವಾಳ, ಬೇರೆ ಏನೂ ಇರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಆಚೆ ಬದಿಯ ಲೈಟುಕಂಬದ ಕೆಳಗೆ ಮೀನಿನವಳು ಕಂಡಳು. ನಾನು ಕೈ ಬೀಸಿ, ಬಾ, ಇಲ್ಲಿ ಬಂದು ಬುಟ್ಟಿ ಇಳಿಸು ಎಂದೆ. ಅವಳು ರಸ್ತೆ ದಾಟಿ ಬಂದಳು, ಆದರೆ ಮೆಟ್ಟಿಲು ಹತ್ತಲಿಲ್ಲ.

“ಬೇಡ ಅಣ್ಣ, ಬುಟ್ಟಿಯಲ್ಲಿ ಮೀನು ಉಂಟು.”

“ಬೊಂಬಾಯಿಯ ಗೇಟ್‌ವೇ ಎದುರು ಸಮುದ್ರವೇ ಉಂಟು ಮಾರಾಯ್ತಿ. ನಿನ್ನದು ಒಂದು ಬುಟ್ಟಿ.”

ಅವಳು ನನ್ನ ಹೆಂಡತಿಯ ಮುಖ ನೋಡಿದಳು. ಹೆಂಡತಿ ನೋಡುತ್ತಿದ್ದದ್ದು ಬುಟ್ಟಿಯನ್ನು. ಮೇಲಿನ ಎಲೆ ಸ್ವಲ್ಪ ಸರಿದಿತ್ತು, ಅದರಡಿ ಬಂಗುಡೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಒಂದು ವಿಷಯ ಹೇಳಬೇಕು, ನನ್ನ ಹೆಂಡತಿ ಯಾರ ಮೇಲೆ ಎಷ್ಟೇ ಸಿಟ್ಟಿನಲ್ಲಿರಲಿ, ತಾಜಾ ಬಂಗುಡೆಯನ್ನು ಎದುರಿನಿಂದ ಸುಮ್ಮನೆ ಹೋಗಲು ಬಿಟ್ಟವಳಲ್ಲ.

“ಇವತ್ತಿನದ್ದಾ?” ಎಂದಳು.

“ಕಿವಿ ತೆರೆದು ನೋಡಿ ಅಕ್ಕ.”

ಮೀನು ತಾಜಾ ಆದರೆ ಕಿವಿಯೊಳಗೆ ಕೆಂಪಿರಬೇಕು, ಕಣ್ಣು ಕುಕ್ಕುವ ಬಿಸಿಲಿನಲ್ಲಿ ಅದು ಸರಿಯಾಗಿ ಕಾಣುವುದಿಲ್ಲ. ಇಬ್ಬರೂ ಮಾತಾಡುತ್ತಾ ಮಾತಾಡುತ್ತಾ ನೆರಳಿಗೆ ಬಂದರು, ಎರಡು ಮೆಟ್ಟಿಲು ಹತ್ತಿದರು, ಬುಟ್ಟಿ ಬೆಂಚಿನ ಮೇಲೆ ಇಳಿಯಿತು. ಹೆಂಡತಿಯ ಕಾಲಿನಲ್ಲಿ ಚಪ್ಪಲಿ ಇತ್ತು, ಅವಳಿಗೆ ಅದರ ನೆನಪೇ ಇಲ್ಲ. ಚರ್ಚೆ ಜೋರಾಯಿತು. ಚರ್ಚೆ ಕೇಳಿ ಟೀಚರ್ ಬಾಯಿಯವರೂ ಬಂದರು, ತಮಗೂ ಬಂಗುಡೆ ಬೇಕೆಂದರು. ಅವರ ಹಿಂದೆ ಬಿಸಿಲಿನಲ್ಲಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದು, ಕೊಳ್ಳುವವರು ಬಗ್ಗಿ ನೋಡಿದರು, ಬೇಡವಾದವರು ಬೆಂಚಿನಲ್ಲಿ ಕೂತರು. ಮೀನಿನ ಹುರುಪೆ ಕೆಂಪು ನೆಲದ ಮೇಲೆ ಅಲ್ಲಲ್ಲಿ ಮಿನುಗುತ್ತಿತ್ತು. ಕಾಲೇಜಿನಿಂದ ಬಂದ ಮೊಮ್ಮಗಳು ಬಸ್ಸಿಳಿದು ನೋಡಿದರೆ ಅವಳ ಗೇಟ್‌ವೇಯಲ್ಲಿ ಕಾಲಿಡಲು ಜಾಗ ಇಲ್ಲ. ನುಗ್ಗಿ ಬಂದು ಅಜ್ಜಿಯ ಹೆಗಲಿಗೆ ಗಲ್ಲ ಒತ್ತಿ ನಿಂತಳು. ಅಜ್ಜಿ ಅವಳನ್ನು ದಬಾಯಿಸಿದಳು, “ಬುಟ್ಟಿಗೆ ನಿನ್ನ ಜಡೆ ಬೀಳ್ತದೆ, ಆಚೆ ನಿಲ್ಲು.”

ಭಾನುವಾರದ ಮೀಟಿಂಗಿನಲ್ಲಿ ಗ್ರಿಲ್ಲಿನ ಮಾತು ಬಂತಂತೆ. ಮೀನು ಮಾರಿದ ಜಾಗಕ್ಕೆ ಗ್ರಿಲ್ ಹಾಕಿ ಯಾರ ಫೋಟೋ ಇಡುತ್ತೀರಿ ಎಂದು ಯಾರೋ ಕೇಳಿದರಂತೆ. ಹಳೇ ಮೆಂಬರುಗಳೂ ನಕ್ಕರಂತೆ. ತಗಡಿನ ಮಾತೂ ಅಲ್ಲಿಗೇ ನಿಂತಿತು, ನನ್ನ ಮೊಮ್ಮಗಳು ಅಧ್ಯಕ್ಷೆಯಾಗಿಯೇ ಮನೆಗೆ ಬಂದಳು. ಎಡಗೂಡಿನಲ್ಲಿ ಈಗಲೂ ದಾಸವಾಳ ಇರುತ್ತದೆ. ಅದು ಅಧ್ಯಕ್ಷೆಗೆ ಎನ್ನುತ್ತಾಳೆ ನನ್ನ ಹೆಂಡತಿ. ಬಲಗೂಡಿನಲ್ಲಿ ಜನ ಕುಡಿಯುವ ನೀರಿನ ಬಾಟಲಿ ಇಡುತ್ತಾರೆ.

ಮೊನ್ನೆ ಪೇಟೆಯಲ್ಲಿ ಏನೂ ಕೆಲಸ ಇಲ್ಲದಿದ್ದರೂ ಹೋಗಿ, ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಮಾವಿನಮರ ದಾಟಿತು, ಬಸ್ಸು ಏರು ಹತ್ತಿತು. ಕಂಡಕ್ಟರ್ ಬಾಗಿಲಿನಿಂದ ಕೂಗಿದ, “ಗೇಟ್‌ವೇ, ಗೇಟ್‌ವೇ. ಜಪ್ಪುಲೆ.” ಇಳಿಯಿರಿ ಎಂದು. ಜನ ಇಳಿದರು. ನಾನು ಸೀಟಿನಲ್ಲೇ ಕೂತಿದ್ದೆ.

“ಅಜ್ಜ, ನಿಮ್ಮ ಸ್ಟಾಪ್ ಇದೇ ಅಲ್ಲವಾ?” ಎಂದ.

ಹೌದು ಮಾರಾಯ, ಆದರೆ ಕೊನೆಯ ಸ್ಟಾಪಿಗೆ ಹೋಗಿ ಬರ್ತೇನೆ, ವಾಪಸು ಬರುವಾಗ ಇನ್ನೊಮ್ಮೆ ಕೂಗ್ತೀಯಲ್ಲ ಎಂದೆ.