ರವಿಕೆಯ ಪಕ್ಕದ ಹಸಿರು ಪಟ್ಟಿ

ಮಲಾಡಿನ ನಮ್ಮ ಚಾಳಿನಲ್ಲಿ ನನ್ನ ಉಬ್ಬಸದ ಸದ್ದು ಕೇಳದವರಿರಲಿಲ್ಲ. ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನನಗೆ ಮದುವೆಯಾಗಿ ಎರಡನೆಯ ವರ್ಷ. ಡಾಕ್ಟರರು ಹೊಸದಾಗಿ ಬಂದಿದ್ದ ಬಿಳಿ ಗುಳಿಗೆಯೊಂದನ್ನು ಬರೆದುಕೊಟ್ಟರು. ಕೆಲವೇ ದಿನಗಳಲ್ಲಿ ಸ್ಟೇಷನ್ನಿನ ಸೇತುವೆಯನ್ನು ನಡುವೆ ನಿಲ್ಲದೆ ಹತ್ತಿದೆ. ಹಸಿವೂ ಬಂತು. ಕೈಕಾಲು ಕಡ್ಡಿಯಂತೆಯೇ ಉಳಿದು ಮುಖ ಮಾತ್ರ ಇಡ್ಲಿಯ ಹಾಗೆ ಉಬ್ಬಿತು, ಹೊಟ್ಟೆ ಮುಂದೆ ಬಂತು.

"ಗುಳಿಗೆಯದೇ ಕೆಲಸ. ನೀವಾಗಿ ಮಾತ್ರ ನಿಲ್ಲಿಸಬೇಡಿ," ಎಂದರು ಡಾಕ್ಟರರು.

ನಲ್ಲಿಯ ಬಳಿ ಪಕ್ಕದ ಕೋಣೆಯ ಮರಾಠಿ ಕಾಕು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಕಾಯ್ ಗ, ಗೋಡ್ ಬಾತ್ಮೀ?" ಎಂದರು. ಸಿಹಿ ಸುದ್ದಿಯಲ್ಲ, ಔಷಧ ಎಂದೆ. ನಾಚಿಕೆಯೆಂದುಕೊಂಡು ಸಂಜೆ ಉಪ್ಪು ಹಚ್ಚಿದ ಮಾವಿನಕಾಯಿ ತಂದುಕೊಟ್ಟರು. ಊರಿಗೆ ಹೊರಟಿದ್ದ ಹೋಟೆಲಿನ ಭಟ್ಟರ ಬಾಯಲ್ಲಿ ಸುದ್ದಿ ಉಡುಪಿಯನ್ನೂ ಮುಟ್ಟಿತು.

ಅತ್ತೆ ಬಂದಿಳಿದೇಬಿಟ್ಟರು. ಟ್ರಂಕಿನಿಂದ ಹಸಿರು ಬಳೆ, ಬಯಕೆಯ ಶಾಸ್ತ್ರಕ್ಕೆಂದು ಹಸಿರು ರೇಷ್ಮೆಯ ರವಿಕೆ ಕಣ ಹೊರಗೆ ಬಂದವು.

"ಎಷ್ಟು ತಿಂಗಳು ಮಗಾ?"

"ಇಲ್ಲ ಅತ್ತೆ. ಇದು ಉಬ್ಬಸದ ಗುಳಿಗೆ ತಂದ ಮೈ. ನಿಮಗೆ ಬೇಸರ ಆಗುದಾದ್ರೆ ನಾಳೆಯಿಂದ ನಿಲ್ಲಿಸ್ತೇನೆ."

ಅವರು ಬಳೆಗಳನ್ನು ಕಾಗದದಲ್ಲಿ ಮತ್ತೆ ಸುತ್ತತೊಡಗಿದರು. ನಿಧಾನವಾಗಿ, ಒಂದಕ್ಕೊಂದು ತಾಗದಂತೆ. ಆಮೇಲೆ ಬಂದು ನನ್ನ ಬೆನ್ನಿಗೆ ಕಿವಿಯಿಟ್ಟರು.

"ಇಲ್ಲೊಂದು ಬೆಕ್ಕಿನ ಮರಿ ಕೂಗ್ತಿತ್ತಲ್ಲ, ಎಲ್ಲಿ ಹೋಯ್ತು ಅದು?"

ನಗು ಬಂತು, ಅಳುವೂ.

"ನಿಲ್ಲಿಸ್ತಾಳಂತೆ! ಎಂತ ಮಾರಾಯ್ತಿ, ಉಸಿರಿಲ್ಲದೆ ಸಪೂರ ಇದ್ದು ಯಾರಿಗೆ ತೋರಿಸ್ಲಿಕ್ಕುಂಟು? ಮೊದಲು ಆ ರವಿಕೆ ಬಿಚ್ಚಿ ಕೊಡು, ನೋಡಿದ್ರೆ ನನಗೇ ಉಸಿರು ಕಟ್ತದೆ."

ಪಕ್ಕದ ಹೊಲಿಗೆ ಬಿಚ್ಚಿದರೆ ಸಡಿಲಿಸಲು ಒಳಗೆ ಬಟ್ಟೆಯೇ ಇರಲಿಲ್ಲ. ಕಾನ್ವೆಂಟಿನಲ್ಲಿ ಕಲಿತಂತೆ ಅಂಚು ಒಪ್ಪವಾಗಿ ಕತ್ತರಿಸಿ ಹೊಲಿದಿದ್ದೆ.

"ಹೆಂಗಸರು ದಪ್ಪ ಆಗ್ತಾರೆಂತ ನಿಮ್ಮ ಸಿಸ್ಟರುಗಳಿಗೆ ಗೊತ್ತಿಲ್ವಾ?"

ನಾನು ಹಳೆಯ ಬಟ್ಟೆಯ ತುಂಡು ಹುಡುಕಿ ತಿರುಗುವಷ್ಟರಲ್ಲಿ ಅವರು ಆ ಹಸಿರು ಕಣಕ್ಕೇ ಕತ್ತರಿ ಹಾಕಿದ್ದರು.

"ಅತ್ತೆ, ಅದು ಬಯಕೆಗೆ..."

"ಆಗ ಹೊಸತು ತಂದರಾಯ್ತು. ಅಂಗಡಿಯವ ಓಡಿ ಹೋಗುದಿಲ್ಲ."

ಸಂಜೆ ಎರಡೂ ಪಕ್ಕಕ್ಕೆ ಹಸಿರು ಪಟ್ಟಿ ಹಚ್ಚಿದ ಬಿಳಿ ರವಿಕೆ ತೊಟ್ಟು, ಅವರೆದುರೇ ಗುಳಿಗೆ ನುಂಗಿ, ಅವರನ್ನು ಪೇಟೆಗೆ ಕರೆದೊಯ್ದೆ. ಸೇತುವೆಯ ನಡುವೆ ಅವರು ಏದುಸಿರು ಬಿಡುತ್ತ ನಿಂತರು.

"ಸ್ವಲ್ಪ ನಿಲ್ಲು ಹೆಣ್ಣೇ!"

ನಿಂತೆ. ಅವರ ಕೈಚೀಲವನ್ನೂ ತೆಗೆದುಕೊಂಡೆ.