ಎಂಟು ಟ್ಯಾಬಿನ ಬೆಂಚು

ಬೆಳಿಗ್ಗೆ ಆರು. ಲಕ್ಷ್ಮೇಶ್ವರ ಬಸ್ ನಿಲ್ದಾಣದ ಎದುರು, ಸರ್ಕಾರಿ ಅರ್ಜಿ ತುಂಬಿಕೊಡುವ ಆನ್‌ಲೈನ್ ಅಂಗಡಿಯ ಶಟರ್ ಅರ್ಧಕ್ಕೇ ಎದ್ದಿದೆ; ಬಗ್ಗಿ ಒಳಹೊಕ್ಕವರು ಆಗಲೇ ಐದು ಮಂದಿ. ಗೋಡೆಗುಂಟ ಇರುವ ಬೆಂಚಿನ ಮೇಲೆ ಬಿಳಿ ಬಣ್ಣದಲ್ಲಿ ಒಂದರಿಂದ ಎಂಟರವರೆಗೆ ಅಂಕಿ ಬರೆದಿದೆ. ಅವರಿಗೆ ಬೆನ್ನು ಮಾಡಿ ಕಂಪ್ಯೂಟರಿನ ಮುಂದೆ ಕುಳಿತ ಫರ್ಹಾನಾ ಅವರ ಬೆರಳು ಕೀಲಿಮಣೆಯ ಮೇಲೆ ನಿಲ್ಲುವುದಿಲ್ಲ.

"ಈ ಹೊತ್ತಿಗೆ ಸರ್ವರ್ ಖಾಲಿ ಇರತೈತ್ರಿ. ಹತ್ತು ಆತಂದ್ರ ಕುಂತಲ್ಲೇ ಕುಂತಿರಬೇಕು," ಎನ್ನುತ್ತಾರೆ, ತಿರುಗದೆಯೇ.

ಒಬ್ಬೊಬ್ಬರ ಅರ್ಜಿಗೂ ಪರದೆಯ ಮೇಲೆ ಒಂದೊಂದು ಟ್ಯಾಬ್; ಬೆಂಚಿನ ಅಂಕಿಯೇ ಟ್ಯಾಬಿನ ಅಂಕಿ. ಕಂಟ್ರೋಲ್ ಕೀಲಿ ಹಿಡಿದು ಎರಡು ಒತ್ತಿದರೆ ಹೇಮಪ್ಪನ ಆದಾಯ ಪ್ರಮಾಣಪತ್ರ, ಐದು ಒತ್ತಿದರೆ ಅಮೀನಬಿಯ ಪಿಂಚಣಿ. ಎಂಟರವರೆಗೆ ಹೀಗೆ. ಒಂಬತ್ತು ಒತ್ತಿದರೆ ಒಂಬತ್ತನೆಯದು ಬರುವುದಿಲ್ಲ, ಕಟ್ಟಕಡೆಯದು ಬರುತ್ತದೆ. ಆದ್ದರಿಂದ ಒಂಬತ್ತನೆಯವರು ಹೊರಗೆ ಕಟ್ಟೆಯ ಮೇಲೆ ಕಾಯಬೇಕು. ಹತ್ತು ನಿಮಿಷ ಮುಟ್ಟದಿದ್ದರೆ ಪುಟ ತಾನೇ ಮುಚ್ಚಿಕೊಳ್ಳುತ್ತದೆ, ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಈ ಅವಸರ. ದಿನಕ್ಕೆ ಅರವತ್ತರ ಆಸುಪಾಸು ಅರ್ಜಿ.

ಮೂವತ್ತಾರರ ಫರ್ಹಾನಾ ಗದಗಿನ ಮುದ್ರಣಾಲಯವೊಂದರಲ್ಲಿ ಏಳು ವರ್ಷ ಲಗ್ನಪತ್ರಿಕೆಯ ಅಕ್ಷರ ಜೋಡಿಸಿದವರು. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಮೂರನೇ ವರ್ಷ ಬಲ ಮುಂಗೈ ಬಾತು, ಮೌಸ್ ಮುಟ್ಟಬಾರದೆಂದು ಡಾಕ್ಟರು ಹೇಳಿದರು. "ಕೆಲಸ ಬಿಡು ಅಂದ್ರು ಮನ್ಯಾಗ. ನಾ ಮೌಸ್ ಅಷ್ಟಾ ಬಿಟ್ಟೆ," ಎಂದು ನಗುತ್ತಾರೆ. ಎಡಗೈ ಟ್ಯಾಬ್ ಮುಚ್ಚುವ ಡಬ್ಲ್ಯೂ ಕೀಲಿಯ ಮೇಲೆ ಜಾರಿ, ಪೂರ್ತಿ ತುಂಬಿದ ಟ್ಯಾಬುಗಳನ್ನೇ ಮುಚ್ಚಿ ಬೈಸಿಕೊಂಡ ದಿನಗಳೂ ಇವೆ.

ಇವತ್ತು ಒಂದನೇ ಟ್ಯಾಬಿನದ್ದೇ ಚಿಂತೆ. ಶಿಗ್ಲಿಯ ಕಳಕವ್ವನ ಮೊಮ್ಮಗಳ ವಸತಿ ಶಾಲೆಯ ಅರ್ಜಿಗೆ ಇದೇ ಕಡೆಯ ದಿನ. ಫೋನಿಗೆ ಬರುವ ಆರಂಕಿಯ ಓಟಿಪಿ ಹಾಕಿದರೆ ಮುಗಿಯಿತು. ಮೂರು ಸಲ ತಪ್ಪಿದರೆ ಅರ್ಜಿಗೆ ಮರುದಿನದವರೆಗೆ ಬೀಗ.

"ಒಂದು, ನಂಬರ್ ಹೇಳ್ರಿ."

ಹಿಂದಿನಿಂದ ಒಂದು ಹೆಣ್ಣುದನಿ ತಡೆತಡೆದು ಆರು ಅಂಕಿ ಓದುತ್ತದೆ. ತಪ್ಪು ಎನ್ನುತ್ತದೆ ಪರದೆ. "ಮತ್ತೊಮ್ಮೆ ಹೇಳ್ರಿ, ಸಾವಕಾಶ." ಮತ್ತದೇ ಅಂಕಿ, ಮತ್ತೆ ತಪ್ಪು. ಉಳಿದಿರುವುದು ಒಂದೇ ಸಲ.

ಫರ್ಹಾನಾ ಅವರ ಬೆರಳುಗಳು ಗಾಳಿಯಲ್ಲೇ ನಿಲ್ಲುತ್ತವೆ. ಕುರ್ಚಿ ತಿರುಗಿಸಿ ನೋಡುತ್ತಾರೆ. ಮೂಲೆಯ ಒಂದರ ಮೇಲೆ ಫೋನ್ ಹಿಡಿದು ಕುಳಿತಿರುವುದು ಅಮೀನಬಿ; ಓದಿದ್ದು ತಮ್ಮ ಪಿಂಚಣಿಯ ಓಟಿಪಿ. ಕಳಕವ್ವ ಐದರ ಮೇಲಿದ್ದಾರೆ.

"ಆಯೀ, ಜಾಗಾ ಯಾಕ ಬಿಟ್ರಿ?" ಎಂದು ಕಳಕವ್ವನನ್ನು ಕೇಳುತ್ತಾರೆ.

"ಅಕಿಗೆ ಮೊಣಕಾಲ ಬ್ಯಾನಿ ತಂಗಿ. ಮೂಲ್ಯಾಗ ಆನ್ಕೊಂಡು ಕುಂಡರವಾ ಅಂದೆ. ತಪ್ಪಾತೇನು?"

"ತಪ್ಪು ನಿಮ್ಮದಲ್ಲ," ಎಂದಷ್ಟೇ ಹೇಳಿ ಫರ್ಹಾನಾ ಎದ್ದು ಹೋಗಿ ಕಳಕವ್ವನ ಪಕ್ಕದಲ್ಲಿ ಕೂರುತ್ತಾರೆ. ಫೋನನ್ನು ತಾವೇ ತೆರೆದು, ಶಾಲೆಯ ಹೆಸರಿನಿಂದ ಬಂದ ಸಂದೇಶ ಹುಡುಕಿ, ಅಂಕಿಗಳನ್ನು ಅಂಗೈಯಲ್ಲಿ ಬರೆದುಕೊಳ್ಳುತ್ತಾರೆ. ಮರಳಿ ಬಂದು ಒಂದೊಂದೇ ಅಂಕಿ ಒತ್ತುತ್ತಾರೆ. ಕಳಕವ್ವ ಹಿಂದೆ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಾರೆ. ಪರದೆಯ ನಡುವೆ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಕಡೆಗೆ ಹಸಿರು ಪಟ್ಟಿ: ಅರ್ಜಿ ಸ್ವೀಕೃತವಾಗಿದೆ.

ಅಷ್ಟರಲ್ಲಿ ಉಳಿದ ಟ್ಯಾಬುಗಳ ಅವಧಿ ಮೀರಿದೆ. "ಏನ್ ತಂಗಿ, ನನ್ನ ಅರ್ಜಿ ನಿದ್ದಿ ಹೊಡೀತಲ್ಲ!" ಎಂದು ಹೇಮಪ್ಪ ರೇಗುತ್ತಾರೆ.

"ಎಬ್ಬಸ್ತೀನಿ ಕುಂಡ್ರಿ ಕಾಕಾ. ನಿಮ್ಮದಕ್ಕ ನಾಳಿ ಐತಿ. ಆ ಹುಡುಗಿಗೆ ಇರಲಿಲ್ಲ."

ಪ್ರಿಂಟರಿನಿಂದ ಹಾಳೆ ಬರುವುದನ್ನು ಕಾಯುತ್ತ ಫರ್ಹಾನಾ ತಮ್ಮ ಒಂದೇ ಆಸೆ ಹೇಳುತ್ತಾರೆ: "ಒಂದಿನ ಒಂದಾ ಟ್ಯಾಬ್ ತಗೀಬೇಕ್ರಿ. ಎದುರಿಗೆ ಒಬ್ಬರನ್ನ ಕುಂದರಿಸ್ಕೊಂಡು, ಅವರ ಮಾರಿ ನೋಡಿ, ಯಾರು ಏನು ಅಂತ ಕೇಳಿ, ಅವರ ಕೆಲಸ ಮುಗಿಸಿ ಕಳಿಸಬೇಕು. ಅಷ್ಟ."